ಡೀಸೆಲ್, ಗ್ಯಾಸ್ ಇಲ್ಲದ ಕಾಲಕ್ಕೆ ಕೊಡಗಿನ ಊರುಗಳ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮಸಭೆಯಲ್ಲಿ, ಸಹಕಾರ ಸಂಘದ ಜಗಲಿಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಲೆಕ್ಕ ಹಾಕಬೇಕಾದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಬಂಕಿನಲ್ಲಿ ಪೆಟ್ರೋಲ್ ಸಿಗ್ತಾ ಉಂಟಲ್ಲ, ಈಗಲೇ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರದೇಶದ್ದು. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು. ಕೊಡಗಿಗೆ ರೈಲು ಹಳಿಯಿಲ್ಲ. ಹಾಗಾಗಿ ಸಿಲಿಂಡರ್, ಅಕ್ಕಿ, ಗೊಬ್ಬರ, ಔಷಧಿ ಎಲ್ಲವೂ ಲಾರಿಯಲ್ಲಿ ಘಾಟಿ ಹತ್ತಿಯೋ ಮೈಸೂರು ಕಡೆಯಿಂದಲೋ ಬರಬೇಕು. ತೈಲ ಒಂದೇ ದಿನ ಮುಗಿದುಹೋಗುವುದಿಲ್ಲ. ಮೊದಲು ಬೆಲೆ ಏರುತ್ತದೆ, ಆಮೇಲೆ ಪೂರೈಕೆ ತಡವಾಗುತ್ತದೆ, ಆಗ ರಸ್ತೆಯ ಕೊನೆಯಲ್ಲಿರುವ ಊರಿಗೆ ಬಿಸಿ ಮೊದಲು ತಟ್ಟುತ್ತದೆ. ಗೋಬರ್ ಗ್ಯಾಸ್ ಗುಂಡಿಗಾಗಲಿ ಸೌದೆ ಮರಕ್ಕಾಗಲಿ ಮುಂಚೆಯೇ ಸಮಯ ಬೇಕು. ಬಂಕು ಮುಚ್ಚಿದ ಮೇಲೆ ಸಿಲ್ವರ್ ಓಕ್ ನೆಟ್ಟರೆ ಆ ವರ್ಷದ ಒಲೆ ಉರಿಯದು.

ಎಲ್ಲಿಂದ ಶುರು ಮಾಡೋದು? ಸೋಲಾರ್ ಹಾಕಿಸಿಬಿಡೋಣವಾ?

ಸಾಮಾನು ಕೊಳ್ಳುವ ಮೊದಲು ಒಂದು ನೋಟ್ ಪುಸ್ತಕ ತನ್ನಿ. ಇಪ್ಪತ್ತು ಮೂವತ್ತು ಮನೆಗಳಲ್ಲಿ ವಿಚಾರಿಸಿ ತಿಂಗಳುವಾರು ಬರೆಯಿರಿ: ಎಷ್ಟು ಸಿಲಿಂಡರ್, ಎಷ್ಟು ಲೀಟರ್ ಡೀಸೆಲ್ ಮತ್ತು ಪೆಟ್ರೋಲ್, ಎಷ್ಟು ಯೂನಿಟ್ ಕರೆಂಟು, ಎಷ್ಟು ಹೊರೆ ಸೌದೆ, ಎಷ್ಟು ಚೀಲ ಗೊಬ್ಬರ, ಯಾವುದಕ್ಕೆ. ವರ್ಷದ ಮೊತ್ತ ಒಂದನ್ನೇ ಬರೆದಿಟ್ಟರೆ ಇಲ್ಲಿ ಉಪಯೋಗವಿಲ್ಲ, ತಿಂಗಳೇ ಮುಖ್ಯ.

ರೋಬಸ್ಟಾ ಕಾಫಿ ಬೆಳೆಯುವ ಊರುಗಳಲ್ಲಿ ಡೀಸೆಲ್ ಫೆಬ್ರವರಿ, ಮಾರ್ಚ್‌ನಲ್ಲಿ ಒಮ್ಮೆಲೇ ಏರುತ್ತದೆ, ಹೂವಿನ ನೀರಿಗಾಗಿ, ಅಂದರೆ ಗಿಡ ಹೂ ಬಿಡಲು ಹಾಯಿಸುವ ನೀರಿಗಾಗಿ. ಕಳೆ ಕೊಚ್ಚುವ ಯಂತ್ರಗಳ ಪೆಟ್ರೋಲ್ ಮಳೆ ಇಳಿದ ಮೇಲೆ. ಸೌದೆ ಮತ್ತು ಬೆಳಕಿನ ಕಷ್ಟ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ: ಮರ ಬಿದ್ದು ಲೈನ್ ತುಂಡಾಗಿರುತ್ತದೆ, ಸೌದೆ ಒದ್ದೆ, ಬಿಸಿಲಿಲ್ಲ. ಮಾರ್ಚ್‌ನಲ್ಲಿ ಬಿಸಿಲುಂಟು, ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ನೀರಿಲ್ಲ. ಜುಲೈನಲ್ಲಿ ತೋಡು ತುಂಬಿರುತ್ತದೆ, ಬಿಸಿಲಿಲ್ಲ. ಈ ಎರಡು ತುದಿಗಳನ್ನು ಒಂದೇ ಯಂತ್ರ ದಾಟಿಸದು. ಮುಂದಿನ ಉತ್ತರಗಳಲ್ಲಿ ಬಹುಪಾಲು ಇದರ ಸುತ್ತಲೇ ಇವೆ.

## ಅಡುಗೆ ಮನೆ, ಬಚ್ಚಲು

ನಮ್ಮಲ್ಲಿ ಸೌದೆಗೇನು ಬರ? ಗ್ಯಾಸ್ ಹೋದರೆ ಒಲೆಗೆ ವಾಪಸ್ ಹೋದರಾಯ್ತು.

ತೋಟವಿದ್ದವರಿಗೆ ಸೌದೆ ಉಂಟು. ಮರಗಸಿಯಲ್ಲಿ (ನೆರಳು ಮರ ಸವರುವಾಗ) ಬಿದ್ದ ರೆಂಬೆ, ಕಿತ್ತ ಕಾಫಿ ಗಿಡ, ಸಿಲ್ವರ್ ಓಕ್ ತುದಿ ಎಲ್ಲ ಸೇರಿದರೆ ಒಂದು ಮನೆಗೆ ಸಾಲುತ್ತದೆ. ಆದರೆ ಎಲ್ಲರೂ ಹಳೆಯ ಮೂರು ಕಲ್ಲಿನ ಒಲೆಗೆ ಮರಳಿದರೆ ಮೊದಲು ಬೋಳಾಗುವುದು ಪೈಸಾರಿ (ಸರ್ಕಾರಿ ಪಾಳು) ಜಾಗ ಮತ್ತು ದೇವರಕಾಡಿನ ಅಂಚು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯಂಥದ್ದು ಅದರ ಎರಡು ಮೂರು ಪಟ್ಟು ಕೊಡುತ್ತದೆ, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಒಲೆ ಕಟ್ಟುವಾಗ ಪಾತ್ರೆಯನ್ನು ಎದುರಿಗಿಟ್ಟುಕೊಂಡೇ ಅಳತೆ ಮಾಡಿ. ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಸಂದು ಉಳಿದರೆ ಹೊಗೆ ಕೋಣೆಗೇ ಬರುತ್ತದೆ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ಕೆರೆಯದಿದ್ದರೂ ಅಷ್ಟೇ.

ಒಲೆಯ ಜೊತೆಗೆ ಸೌದೆ ಒಣಗಿಸುವುದೂ ಮುಖ್ಯ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದನ್ನು ಆವಿ ಮಾಡಲು ಸೌದೆಯ ಶಾಖವೇ ಖರ್ಚಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಕಡಿದು, ಮುಂಗೈ ದಪ್ಪಕ್ಕೆ ಸೀಳಿ, ನೆಲದಿಂದ ಒಂದಡಿ ಎತ್ತರದಲ್ಲಿ ಗಾಳಿಯಾಡುವಂತೆ ಪೇರಿಸಿ. ಮೇಲೆ ತಗಡು ಹೊದಿಸಿ, ಪಕ್ಕಗಳನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬೇಡಿ, ಒಳಗೆ ಬೂಸ್ಟು ಹಿಡಿಯುತ್ತದೆ. ಮೇ ಕೊನೆಗೆ ಒಂದು ಮಳೆಗಾಲದ ಸೌದೆ ಸೂರಿನಡಿ ಇರಬೇಕು.

ಬಚ್ಚಲ ಹಂಡೆ ಅಡುಗೆಗಿಂತ ಹೆಚ್ಚು ಸೌದೆ ತಿನ್ನುವ ಮನೆಗಳೂ ಉಂಟು. ಹಂಡೆಯ ಸುತ್ತ ಮಣ್ಣು ಇಟ್ಟಿಗೆಯ ಗೋಡೆ ಕಟ್ಟಿ, ಮೇಲೆ ಮುಚ್ಚಳ ಹಾಕಿದರೆ ಖರ್ಚಿಲ್ಲದೆ ಸೌದೆ ಉಳಿಯುತ್ತದೆ.

ಪಂದಿಕರಿ ಒಂದೂವರೆ ಗಂಟೆ ಬೇಯಬೇಕು. ಅಷ್ಟು ಹೊತ್ತು ಗ್ಯಾಸ್ ಉರಿಸದೆ ಆಗುತ್ತಾ?

ಆಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ದಪ್ಪ ತಳದ ಪಾತ್ರೆ ತೆಗೆದುಕೊಂಡು, ಚೆನ್ನಾಗಿ ಕುದಿ ಬಂದ ಮೇಲೆ ಇನ್ನೂ ಇಪ್ಪತ್ತು ನಿಮಿಷ ಉರಿಯಲ್ಲೇ ಬಿಡಿ. ಆಮೇಲೆ ಒಣಹುಲ್ಲು ಅಥವಾ ಹಳೆ ಕಂಬಳಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಎಲ್ಲ ಕಡೆಯಿಂದ ನಾಲ್ಕು ಇಂಚು ದಪ್ಪಕ್ಕೆ ಮುಚ್ಚಿ. ಎರಡು ಮೂರು ಗಂಟೆಯಲ್ಲಿ ತೆಗೆದು ಮತ್ತೆ ಕುದಿಸಿ ಬಡಿಸಿ. ಪಾತ್ರೆ ಮುಕ್ಕಾಲು ಭಾಗವಾದರೂ ತುಂಬಿರಬೇಕು, ಅರ್ಧ ಖಾಲಿ ಪಾತ್ರೆ ಬೇಗ ಆರುತ್ತದೆ. ಮಾಂಸವನ್ನು ರಾತ್ರಿಯಿಡೀ ಹೀಗೆ ಬಿಡಬಾರದು, 60 ಡಿಗ್ರಿಗಿಂತ ಕೆಳಗಿಳಿದರೆ ಕೆಡುತ್ತದೆ.

ಎರಡು ಹಸು ಇವೆ. ಗೋಬರ್ ಗ್ಯಾಸ್ ಹಾಕಿದರೆ ಸಿಲಿಂಡರ್ ಬಿಡಬಹುದಾ?

ಯಾವ ಹಸು, ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲಿದೆ. ಒಂದು ಕೆಜಿ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಒಂದು ಘನ ಮೀಟರ್ ಗ್ಯಾಸ್ ಎಂದರೆ 450 ಗ್ರಾಂ ಎಲ್‌ಪಿಜಿಯ ಕೆಲಸ. ತಿಂಗಳಿಗೊಂದು 14.2 ಕೆಜಿ ಸಿಲಿಂಡರ್ ಮುಗಿಸುವ ಮನೆಗೆ ದಿನಕ್ಕೆ ಒಂದು ಘನ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೇಕು, ಅಂದರೆ 26 ಕೆಜಿ ಸಗಣಿ. ಕೊಟ್ಟಿಗೆಯಲ್ಲೇ ಕಟ್ಟುವ ಎರಡು ಮಿಶ್ರತಳಿ ಹಸು ಇಷ್ಟು ಕೊಡುತ್ತವೆ. ಹಗಲೆಲ್ಲ ಹೊರಗೆ ಮೇಯುವ ಎರಡು ಮಲೆನಾಡು ಗಿಡ್ಡ (ಸಣ್ಣ ನಾಟಿ ತಳಿ) ಹಸುಗಳಿಂದ ಕೈಗೆ ಸಿಗುವುದು ಅದರ ಮೂರನೇ ಒಂದು ಪಾಲೂ ಇರದು. ಆಗ ಅಕ್ಕಪಕ್ಕದ ಎರಡು ಮನೆ ಸೇರಿ ಒಂದು ಘಟಕ ಕಟ್ಟುವುದೇ ಲೇಸು, ಪೈಪ್ ಮಾತ್ರ 20–25 ಮೀಟರ್ ಒಳಗಿರಲಿ. ಗ್ಯಾಸಿನ ಒತ್ತಡ ತೀರಾ ಕಡಿಮೆ, ದೂರ ಹೋದಂತೆ ಉರಿ ಸೊರಗುತ್ತದೆ.

ಇನ್ನೊಂದು ಮಾತು: ಎಲ್‌ಪಿಜಿ ಒಲೆಯ ಜೆಟ್ ಇದಕ್ಕೆ ಆಗದು, ರಂಧ್ರ ಬಹಳ ಸಣ್ಣದು. ಬಯೋಗ್ಯಾಸ್‌ಗೆಂದೇ ಮಾಡಿದ ಬರ್ನರ್ ಕೇಳಿ ತನ್ನಿ.

ಗೋಬರ್ ಗ್ಯಾಸ್ ಹಾಕಿದವರೆಲ್ಲ ಎರಡು ವರ್ಷಕ್ಕೆ ಬಿಟ್ಟುಬಿಡ್ತಾರೆ. ಏನು ಕೆಡುತ್ತೆ?

ಕೊಡಗಿನಲ್ಲಿ ಹೆಚ್ಚಾಗಿ ಕೆಡಿಸುವುದು ಮಳೆನೀರು. ತೊಟ್ಟಿಯ ಬಾಯಿಗೆ ಮುಚ್ಚಿಗೆಯಿಲ್ಲದಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಸೂರಿನ ನೀರೆಲ್ಲ ಒಳಗೆ ಬಂದು, ಇನ್ನೂ ಕೊಳೆಯದ ಸಗಣಿಯನ್ನು ಹೊರಗೆ ತಳ್ಳುತ್ತದೆ. ಹಾಕುವ ಬಾಯಿ, ಹೊರಬೀಳುವ ಬಾಯಿ ಎರಡನ್ನೂ ನೆಲದಿಂದ ಒಂದಡಿ ಎತ್ತರಿಸಿ, ತಗಡು ಹೊದಿಸಿ. ಗದ್ದೆಯಂಚಿನಲ್ಲಿ ಕಟ್ಟಬೇಡಿ. ಮಳೆಗಾಲದಲ್ಲಿ ಅಂತರ್ಜಲ ಏರಿ ಗುಂಡಿಯನ್ನು ಕೆಳಗಿನಿಂದ ನೂಕುತ್ತದೆ, ಗುಮ್ಮಟ ಬಿರುಕು ಬಿಡುತ್ತದೆ.

ಎರಡನೆಯದು ಚಳಿ. ಒಳಗಿನ ಸೂಕ್ಷ್ಮಜೀವಿಗಳು 30–35 ಡಿಗ್ರಿಯಲ್ಲಿ ಚುರುಕು. ಮಡಿಕೇರಿಯ ಎತ್ತರದಲ್ಲಿ ಮಳೆಗಾಲವೂ ಚಳಿಗಾಲವೂ ತಣ್ಣಗೆ, ಗ್ಯಾಸ್ ಇಳಿಯುತ್ತದೆ. ಕುಶಾಲನಗರದ ಬಿಸಿಲಿಗೆ 40 ದಿನದ ಸಗಣಿ ಹಿಡಿಯುವ ಗುಂಡಿ ಸಾಕು, ಮೇಲಿನ ಊರುಗಳಿಗೆ 55 ದಿನದ್ದು ಕೇಳಿ. ಬಿಸಿನೀರು ಬೆರೆಸಿ ಕಲಸುವುದು, ಗುಮ್ಮಟದ ಮೇಲೆ ಒಣಹುಲ್ಲು ಹೊದಿಸುವುದು ಸ್ವಲ್ಪ ಸಹಾಯ.

ಮೂರನೆಯದು ಪೈಪಿನಲ್ಲಿ ನಿಂತ ನೀರು. ಉರಿ ಜಿಗಿಜಿಗಿದು ಆರಿದರೆ ಅದೇ ಕಾರಣ. ಪೈಪನ್ನು ನೂರಕ್ಕೆ ಒಂದರಷ್ಟು ಇಳಿಜಾರಿನಲ್ಲಿ ಹಾಕಿ, ಅತಿ ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಇಡಿ.

ಶುರುವಿನ ದಿನದ ಲೆಕ್ಕವನ್ನೂ ಜನ ಮರೆಯುತ್ತಾರೆ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಆದರೆ ಮೊದಲ ಸಲ ತುಂಬಿಸಲು ಸುಮಾರು 2 ಟನ್ ಸಗಣಿ ಬೇಕು, ಹತ್ತು ಮನೆಯವರು ಕೊಟ್ಟರೆ ಒಂದು ವಾರದ ಕೆಲಸ. ಮೊದಲ ಗ್ಯಾಸ್ ಹೊತ್ತಿಕೊಳ್ಳುವುದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು. ಹೊರಗೆ ಬಿಟ್ಟು ಕಾಯಿರಿ.

## ಕರೆಂಟು

ಸೋಲಾರ್ ಹಾಕಿಸಿದ್ದೀವಿ, ಆದರೂ ಕರೆಂಟು ಹೋದಾಗ ಮನೆ ಕತ್ತಲೆ. ನಮಗೆ ಮೋಸ ಆಯ್ತಾ?

ಮೋಸವಲ್ಲ, ನಿಮ್ಮದು ಬ್ಯಾಟರಿಯಿಲ್ಲದ ಗ್ರಿಡ್ ಜೋಡಣೆ. ಲೈನ್‌ನಲ್ಲಿ ಕರೆಂಟು ಇಲ್ಲದಾಗ ಇನ್ವರ್ಟರ್ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಅಂತ ಕೇಳಿ ಹಾಕಿಸಿದವರಲ್ಲಿ ಬಹಳ ಮಂದಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ದಿನಗಟ್ಟಲೆ ಲೈನ್ ಬೀಳುವ ನಮ್ಮಂಥ ಕಡೆ ಬ್ಯಾಟರಿ ಸೇರುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಬ್ಯಾಟರಿ ಮನೆಯಿಡೀ ಓಡಿಸಬೇಕಿಲ್ಲ. ನಾಲ್ಕು ದೀಪ, ಫೋನು, ಒಂದು ಫ್ಯಾನಿಗೆ ಸಾಕಾದರೆ ಸಾಕು. 12 ವೋಲ್ಟ್, 150 ಎಎಚ್ ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಬಾಳಿಕೆ ಬಾರದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಸಿಡಿಲಿನ ಹೊಡೆತದಿಂದ ಉಪಕರಣ ಕಾಯುವ ಸರ್ಜ್ ಅರೆಸ್ಟರ್ ಇದೆಯೋ ನೋಡಿ. ಪಕ್ಕದ ಸಿಲ್ವರ್ ಓಕ್‌ನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನ ಉಳಿದವು ಸೊರಗುತ್ತವೆ.

ತೋಟದಲ್ಲಿ ತೋಡು ಹರಿಯುತ್ತೆ. ಅದರಿಂದ ಕರೆಂಟು ತೆಗೆಯೋಕೆ ಎಷ್ಟು ನೀರು ಬೇಕು?

ಮಳೆಗಾಲದ ಕತ್ತಲೆಗೆ ಕೊಡಗಿನಲ್ಲಿ ಇದರಷ್ಟು ಹೊಂದುವ ಮದ್ದು ಬೇರೆ ಇಲ್ಲ. ಲೆಕ್ಕ ಸುಲಭ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಬೀಳುತ್ತದೆ, ಎರಡನ್ನೂ ಗುಣಿಸಿ ಐದರಿಂದ ಗುಣಿಸಿದರೆ ವಾಟ್. ಸೆಕೆಂಡಿಗೆ 10 ಲೀಟರ್, 20 ಮೀಟರ್ ಎತ್ತರ ಇದ್ದರೆ 1,000 ವಾಟ್. ಸಣ್ಣದೆನಿಸಬಹುದು, ಆದರೆ ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 20 ಯೂನಿಟ್ ದಾಟುತ್ತದೆ. ಜುಲೈನಲ್ಲಿ 5 ಕಿಲೋವಾಟ್ ಸೋಲಾರ್ ಕೂಡ ಅಷ್ಟು ಕೊಡದು.

ನೀರು ಅಳೆಯಲು ತೋಡಿಗೆ ಮಣ್ಣಿನ ಕಟ್ಟೆ ಹಾಕಿ ಪೈಪಿನಿಂದ 200 ಲೀಟರ್ ಡ್ರಮ್ಮಿಗೆ ಬಿಡಿ. 20 ಸೆಕೆಂಡಿನಲ್ಲಿ ತುಂಬಿದರೆ 10 ಲೀಟರ್. ಜುಲೈನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಅಳೆಯಿರಿ. ಎತ್ತರಕ್ಕೆ ನೀರು ತುಂಬಿದ ಉದ್ದ ಹೋಸ್ ಎಳೆದು ಕೆಳತುದಿಗೆ ಒತ್ತಡದ ಗೇಜ್ ಹಾಕಿ: 1 ಕೆಜಿ ತೋರಿಸಿದರೆ 10 ಮೀಟರ್.

ಹಣ ಹಾಳಾಗುವುದು ಪೈಪಿನಲ್ಲಿ. ಇದೇ 10 ಲೀಟರ್ ನೀರಿಗೆ 75 ಮಿ.ಮೀ. ಪೈಪ್ ಹಾಕಿದರೆ ಪ್ರತಿ 100 ಮೀಟರ್ ಉದ್ದಕ್ಕೆ 9 ಮೀಟರ್ ಹತ್ತಿರ ಎತ್ತರ ಘರ್ಷಣೆಗೇ ಹೋಗುತ್ತದೆ. 110 ಮಿ.ಮೀ. ಹಾಕಿದರೆ ಒಂದೂವರೆ ಮೀಟರ್ ಮಾತ್ರ. ಪೈಪಿನ ಮೊದಲು ಕಸ ತಡೆಯುವ ಜಾಲರಿ, ಅದರ ಹಿಂದೆ ಮರಳು ಕೂರುವ ತೊಟ್ಟಿ ಇರಲೇಬೇಕು. ಕಕ್ಕಡದಲ್ಲಿ ಜಾಲರಿಯ ಎಲೆಯನ್ನು ದಿನಕ್ಕೆರಡು ಸಲ ಕೈಯಿಂದ ತೆಗೆಯುವವರಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಆನೆ ದಾರಿಯಿದ್ದಲ್ಲಿ ಪೈಪನ್ನು ಎರಡಡಿ ಆಳಕ್ಕೆ ಹೂಳಿ.

ಮನೆಯಲ್ಲಿ ದೀಪ ಆರಿಸಿದಾಗ ಟರ್ಬೈನ್ (ನೀರಿನ ಬಲಕ್ಕೆ ತಿರುಗುವ ಚಕ್ರ) ಹೊರೆಯಿಲ್ಲದೆ ಜೋರಾಗಿ ತಿರುಗಿ ವೋಲ್ಟೇಜ್ ಏರುತ್ತದೆ, ಬಲ್ಬು ಟಿವಿ ಸುಡುತ್ತವೆ. ಇದಕ್ಕೇ ಲೋಡ್ ಕಂಟ್ರೋಲರ್. ಅದು ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲನ್ನು ಬಚ್ಚಲ ನೀರಿನ ಟ್ಯಾಂಕಿನಲ್ಲೇ ಇಟ್ಟರೆ ಮಳೆಗಾಲದ ಸ್ನಾನದ ಸೌದೆ ಉಳಿಯಿತು. ತೋಡಿನ ನೀರನ್ನೆಲ್ಲ ಪೈಪಿಗೆ ತುಂಬಬೇಡಿ. ಅರ್ಧವಾದರೂ ತೋಡಿನಲ್ಲೇ ಹರಿಯಲಿ, ಕೆಳಗಿನ ಗದ್ದೆಯವರನ್ನು ಮೊದಲೇ ಕೇಳಿ.

## ತೋಟ, ಗದ್ದೆ

ಡೀಸೆಲ್ ಪಂಪ್ ಇಲ್ಲದೆ ರೋಬಸ್ಟಾಗೆ ಹೂವಿನ ನೀರು ಕೊಡೋದು ಹೇಗೆ?

ಇಡೀ ಪಟ್ಟಿಯಲ್ಲಿ ಕಠಿಣ ಪ್ರಶ್ನೆ ಇದೇ. ಒಂದು ಎಕರೆಗೆ ಒಂದಿಂಚು ನೀರೆಂದರೆ 1.03 ಲಕ್ಷ ಲೀಟರ್. ಹೊಳೆಯಿಂದ ತೋಟಕ್ಕೆ ಎತ್ತುವುದು, ಪೈಪಿನ ಘರ್ಷಣೆ, ಸ್ಪ್ರಿಂಕ್ಲರ್ ಒತ್ತಡ ಎಲ್ಲ ಸೇರಿ 80 ಮೀಟರ್ ಹಿಡಿಯಿರಿ. ಪಂಪಿನ ದಕ್ಷತೆ ಅರ್ಧ ಎಂದರೆ ಎಕರೆ ಇಂಚಿಗೆ 45 ಯೂನಿಟ್, ಡೀಸೆಲ್‌ನಲ್ಲಿ ಸುಮಾರು 15 ಲೀಟರ್. ಹತ್ತು ಎಕರೆಗೆ ಒಂದೂವರೆ ಇಂಚು ಕೊಡಲು 675 ಯೂನಿಟ್ ಅಥವಾ 225 ಲೀಟರ್.

10 ಎಚ್‌ಪಿ ಸೋಲಾರ್ ಪಂಪು ಮಾರ್ಚ್ ಬಿಸಿಲಿನಲ್ಲಿ ದಿನಕ್ಕೆ 35 ಯೂನಿಟ್ ಕೆಲಸ ಮಾಡಿದರೆ ಹತ್ತು ಎಕರೆ ಮುಗಿಯಲು ಸುಮಾರು 20 ದಿನ. ಅಷ್ಟರಲ್ಲಿ ಮೊದಲ ಬ್ಲಾಕಿಗೆ ಬ್ಯಾಕಿಂಗ್ ನೀರಿನ (ಹೂ ಅರಳಿದ ಮೇಲೆ ಕಾಯಿ ಕಚ್ಚಲು ಕೊಡುವ ಎರಡನೇ ನೀರು) ಹೊತ್ತಾಗಿರುತ್ತದೆ. ಆದ್ದರಿಂದ ಪಂಪು ದೊಡ್ಡದು ಮಾಡುವ ಮೊದಲು ಬೇಡಿಕೆ ಇಳಿಸಿ. ದೊಡ್ಡ ಜೆಟ್ ಬದಲು 2.5 ಕೆಜಿ ಒತ್ತಡದ ಸಣ್ಣ ಸ್ಪ್ರಿಂಕ್ಲರ್ ಹಾಕಿದರೆ, ಮೇನ್ ಪೈಪ್ ಒಂದಳತೆ ದಪ್ಪ ಮಾಡಿದರೆ, ಉಳಿಯುವ ಪ್ರತಿ 10 ಮೀಟರ್‌ಗೂ ಎಂಟನೇ ಒಂದು ಪಾಲು ಶಕ್ತಿ ಉಳಿಯುತ್ತದೆ. ಹಗಲು ಸೋಲಾರ್, ರಾತ್ರಿ ತ್ರೀಫೇಸ್ ಇದ್ದಾಗ ಗ್ರಿಡ್, ಹೀಗೆ ಒಂದೇ ಮೋಟರನ್ನು ಎರಡರಲ್ಲೂ ಓಡಿಸಿದರೆ ದಿನಗಳು ಅರ್ಧವಾಗುತ್ತವೆ.

ನೀರನ್ನು ಮೊದಲೇ ಎತ್ತಿಟ್ಟುಕೊಳ್ಳುವುದು ಇನ್ನೊಂದು ದಾರಿ: ಡಿಸೆಂಬರ್‌ನಿಂದಲೇ ನಿಧಾನವಾಗಿ ಮೇಲಿನ ಕೆರೆಗೆ ತುಂಬಿಸಿ ಮಾರ್ಚ್‌ನಲ್ಲಿ ಇಳಿಜಾರಿನಿಂದ ಬಿಡುವುದು. ಪಂಪಿಲ್ಲದೆ ಸ್ಪ್ರಿಂಕ್ಲರ್ ತಿರುಗಲು ಕೆರೆ ತೋಟಕ್ಕಿಂತ 25–30 ಮೀಟರ್ ಮೇಲಿರಬೇಕು. ಆದರೆ ಬೆಟ್ಟದ ನೆತ್ತಿಯಲ್ಲಿ ಹೊಸ ಕೆರೆ ತೋಡುವ ಯೋಚನೆ ಬಂದರೆ ಕೈಬಿಡಿ. ಒಂದು ಲಕ್ಷ ಲೀಟರ್ ಎಂದರೆ 100 ಟನ್ ಭಾರ, ಸೋರುವ ನೀರು ಇಳಿಜಾರಿನ ಮಣ್ಣನ್ನು ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜಾರಿದ್ದರಲ್ಲಿ ಹೆಚ್ಚಿನವು ಮನುಷ್ಯ ಕಡಿದು ಮಟ್ಟ ಮಾಡಿದ ಇಳಿಜಾರುಗಳು. ಹಳೆಯ ಕೆರೆಯ ಹೂಳೆತ್ತಿ, ಅದು ತಗ್ಗಿನಲ್ಲಿದ್ದರೂ ಪರವಾಗಿಲ್ಲ.

ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪು ಹಾಕಿಸುವವರು ಯುನಿವರ್ಸಲ್ ಕಂಟ್ರೋಲರ್ ಕೇಳಿ ಪಡೆಯಿರಿ. ಪಂಪಿಗೆ ಕೆಲಸ ಮೂರು ತಿಂಗಳು, ಉಳಿದ ತಿಂಗಳಲ್ಲಿ ಅದೇ ಪ್ಯಾನೆಲ್ಲಿನಿಂದ ಹಲ್ಲರ್ (ಸಿಪ್ಪೆ ಸುಲಿಯುವ ಯಂತ್ರ), ಹಿಟ್ಟಿನ ಗಿರಣಿ ಓಡಿಸಬಹುದು.

ನೀರೇ ನೀರನ್ನು ಎತ್ತುತ್ತೆ ಅನ್ನೋ ಪಂಪು ನಿಜವಾ?

ನಿಜ. ಹೈಡ್ರಾಲಿಕ್ ರಾಮ್ ಎನ್ನುತ್ತಾರೆ. ಹೆಚ್ಚು ನೀರು ಸ್ವಲ್ಪ ಎತ್ತರದಿಂದ ಬಿದ್ದು, ಕಡಿಮೆ ನೀರನ್ನು ಹೆಚ್ಚು ಎತ್ತರಕ್ಕೆ ತಳ್ಳುತ್ತದೆ. ನಿಮಿಷಕ್ಕೆ 60 ಲೀಟರ್ ನೀರು 3 ಮೀಟರ್ ಬಿದ್ದರೆ, 30 ಮೀಟರ್ ಮೇಲಿನ ಟ್ಯಾಂಕಿಗೆ ನಿಮಿಷಕ್ಕೆ 3.6 ಲೀಟರ್, ದಿನಕ್ಕೆ 5,000 ಲೀಟರ್ ದಾಟುತ್ತದೆ. ಮನೆ, ಕೊಟ್ಟಿಗೆ, ನರ್ಸರಿಗೆ ಧಾರಾಳ. ತೋಟಕ್ಕೆ ಸಾಲದು. ಬೀಳುವ ಪೈಪ್ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿರಲಿ, ರಬ್ಬರ್ ಹೋಸ್ ಹೊಡೆತವನ್ನು ನುಂಗಿಬಿಡುತ್ತದೆ. ಟಕ್ ಟಕ್ ಸದ್ದು ಗಡುಸಾಗಿ ನೀರು ಕಡಿಮೆಯಾದರೆ ಪಂಪಿನ ಗಾಳಿಗೂಡಿನಲ್ಲಿ (ಗಾಳಿ ಇರಬೇಕಾದ ಡಬ್ಬಿಯಲ್ಲಿ) ನೀರು ತುಂಬಿದೆ, ಬಿಚ್ಚಿ ಖಾಲಿ ಮಾಡಿ.

ಯೂರಿಯಾಗೂ ಪೆಟ್ರೋಲಿಗೂ ಏನು ಸಂಬಂಧ?

ಯೂರಿಯಾದ ಸಾರಜನಕವನ್ನು ಗಾಳಿಯಿಂದ ಹಿಡಿಯಲು ಬೇಕಾದ ಜಲಜನಕ ಬರುವುದು ನೈಸರ್ಗಿಕ ಅನಿಲದಿಂದ. ಅನಿಲ ತುಟ್ಟಿಯಾದರೆ ಯೂರಿಯಾವೂ ತುಟ್ಟಿ. 45 ಕೆಜಿ ಚೀಲದಲ್ಲಿ ಸಾರಜನಕ 20.7 ಕೆಜಿ. ಅಷ್ಟನ್ನು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಹಸಿ ಸೊಪ್ಪಿನಿಂದ ಕೊಡಲು ಎರಡೂವರೆಯಿಂದ ಮೂರು ಟನ್ ಬೇಕು. ಬೇಲಿ ಸಾಲಿನಲ್ಲಿ ಈಗಲೇ ನೆಟ್ಟರೆ ಎರಡು ಮೂರು ವರ್ಷಕ್ಕೆ ಕಡಿಯಲು ಬರುತ್ತದೆ. ಹಾಲುವಾಣದ ನೆರಳು ಕಡಿದು ಪೂರ್ತಿ ಸಿಲ್ವರ್ ಓಕ್ ಮಾಡಿದ ತೋಟಗಳು ಈ ಲೆಕ್ಕದಲ್ಲಿ ಸೋತಿವೆ. ಹಾಲುವಾಣ ಸಾರಜನಕ ಹಿಡಿಯುತ್ತದೆ, ಸಿಲ್ವರ್ ಓಕ್ ಹಿಡಿಯದು. ಪೊಟ್ಯಾಷ್ ಗಣಿಯಿಂದ ಬರುವುದು, ಅದೂ ಆಮದು. ಒಲೆಬೂದಿಯನ್ನು ಮಳೆಗೆ ನೆನೆಯದಂತೆ ಡ್ರಮ್ಮಿನಲ್ಲಿ ಕೂಡಿಡಿ.

ಪಲ್ಪಿಂಗ್ ನೀರನ್ನು ಗೋಬರ್ ಗ್ಯಾಸಿಗೆ ಹಾಕಬಹುದಾ?

ಹಾಗೇ ಹಾಕಿದರೆ ಗುಂಡಿ ಸಾಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಆ ನೀರು ಹುಳಿ, ಪಿಎಚ್ 4ರ ಆಸುಪಾಸು. ಸುಣ್ಣ ಬೆರೆಸಿ 7ಕ್ಕೆ ತಂದು, ಸಿಪ್ಪೆ ಸೋಸಿ, ಮೊದಲ ವಾರ ದಿನದ ನೀರಿನ ಹತ್ತನೇ ಒಂದು ಪಾಲು ಮಾತ್ರ ಸೇರಿಸಿ, ನಿಧಾನಕ್ಕೆ ಏರಿಸಿ. ಗ್ಯಾಸ್ ಹೊತ್ತದೆ ಹುಳಿ ವಾಸನೆ ಬಂದರೆ ನಿಲ್ಲಿಸಿ ಬರೀ ಸಗಣಿ ಹಾಕಿ. ದೊಡ್ಡ ಎಸ್ಟೇಟ್‌ಗೆ ಬೇರೆಯೇ ರಿಯಾಕ್ಟರ್ ಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ.

## ಊರು ಒಟ್ಟಾಗಿ

ಎಲೆಕ್ಟ್ರಿಕ್ ಸ್ಕೂಟರ್ ಘಾಟಿ ಹತ್ತುತ್ತಾ?

ಹತ್ತುತ್ತದೆ, ಆದರೆ ಕಂಪನಿ ಹೇಳಿದ ಕಿಲೋಮೀಟರ್ ನಂಬಬೇಡಿ. ಗಾಡಿ, ಸವಾರ ಸೇರಿ 200 ಕೆಜಿ ಇದ್ದರೆ ಸಾವಿರ ಮೀಟರ್ ಏರಲು ದಾರಿಯ ಖರ್ಚು ಬಿಟ್ಟೇ 0.7 ಯೂನಿಟ್ ಬೇಕು. 3 ಯೂನಿಟ್ ಬ್ಯಾಟರಿಯ ಕಾಲುಭಾಗ ಏರಿಗೇ ಹೋಯಿತು. ಇಬ್ಬರು ಕೂತರೆ ಇನ್ನೂ ಹೆಚ್ಚು. ಊರಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಸಹಕಾರ ಸಂಘದಿಂದ ವಾರಕ್ಕೆರಡು ದಿನ ಒಂದೇ ಪಿಕಪ್‌ನಲ್ಲಿ ಸಾಮಾನು ತರಿಸುವುದರಲ್ಲಿದೆ. ಒಬ್ಬೊಬ್ಬರೂ ಜೀಪು ಇಳಿಸಿಕೊಂಡು ಗೋಣಿಕೊಪ್ಪಕ್ಕೆ ಹೋಗುವುದು ತಪ್ಪುತ್ತದೆ.

ಲೈನ್ ಮನೆಯವರಿಗೆ ಹಸುವಿಲ್ಲ, ಸೂರು ಸ್ವಂತದ್ದಲ್ಲ. ಅವರೇನು ಮಾಡಬೇಕು?

ಲೈನ್ ಮನೆಯೆಂದರೆ ಎಸ್ಟೇಟ್ ಕೆಲಸಗಾರರ ಸಾಲುಮನೆ. ಇದು ತೋಟದ ಮಾಲೀಕರ ಜವಾಬ್ದಾರಿ, ಹಾಗೆಂದೇ ಊರಿನ ಯೋಜನೆಯಲ್ಲಿ ಬರೆಯಬೇಕು. ಸಿಲಿಂಡರ್ ಬೆಲೆ ಏರಿದ ದಿನ ಮೊದಲು ಹಸಿ ಸೌದೆಯ ಹೊಗೆ ಕುಡಿಯುವವರು ಇವರೇ. ಪ್ರತಿ ಮನೆಗೆ ಕೊಳವೆ ಒಲೆ, ಸಾಲಿಗೊಂದು ಸೌದೆಯ ಸೂರು ಕಟ್ಟುವುದು ಅಗ್ಗದ ಕೆಲಸ. ಇಂಡಕ್ಷನ್ ಒಲೆ ಹಂಚಿ ಕೈತೊಳೆದುಕೊಳ್ಳುವವರು ವೈರಿಂಗ್ ನೋಡುವುದಿಲ್ಲ. ಅದಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪ್ ಸಾಕೆಟ್, ಅರ್ಥಿಂಗ್ ಬೇಕು. ಹಳೆಯ ಲೈನ್ ಮನೆಯ ದೀಪದ ವೈರಿಗೆ ಸಿಕ್ಕಿಸಿದರೆ ಕರಗಿ ಬೆಂಕಿ ಹತ್ತುತ್ತದೆ. ಒಂದು ಸಿಲಿಂಡರ್‌ನ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಸುಮಾರು 120 ಯೂನಿಟ್ ಖರ್ಚು, ಆ ಬಿಲ್ಲನ್ನು ಯಾರು ಕಟ್ಟುವುದೆಂದೂ ಮೊದಲೇ ತೀರ್ಮಾನವಾಗಲಿ.

ಒಟ್ಟಾಗಿ ಮಾಡಿದ್ದು ಯಾವಾಗಲೂ ಹಾಳಾಗುತ್ತೆ. ಯಾರೂ ನೋಡಿಕೊಳ್ಳಲ್ಲ. ಏನು ಮಾಡೋದು?

ಹಾಳಾಗುವುದು ಸಾಮಾನ್ಯವಾಗಿ ಇನ್ನೂರು ರೂಪಾಯಿಯ ಬೇರಿಂಗ್‌ನಿಂದ. ಅದನ್ನು ತರಲು ಯಾರಿಗೂ ಅಧಿಕಾರವಿಲ್ಲ, ಹಣವೂ ಇಲ್ಲ. ಶುರುವಿನಲ್ಲೇ ಮೂರು ತೀರ್ಮಾನ ಕಾಗದದಲ್ಲಿ ಇರಲಿ. ನೋಡಿಕೊಳ್ಳುವವರಿಗೆ ಸಂಬಳ, ಗೌರವಧನದ ಹೆಸರಲ್ಲಿ ಚಿಲ್ಲರೆ ಬೇಡ. ಸಭೆ ಕರೆಯದೆ ಖರ್ಚು ಮಾಡಬಹುದಾದ ಮೊತ್ತ. ಪ್ರತಿ ಮನೆಯ ತಿಂಗಳ ವಂತಿಗೆ, ಬಳಸಿದರೂ ಬಳಸದಿದ್ದರೂ. ಹಣ ಸಹಕಾರ ಸಂಘದಲ್ಲಿ ಪ್ರತ್ಯೇಕ ಖಾತೆಯಲ್ಲಿರಲಿ, ಸಹಿ ಇಬ್ಬರದು, ಅದರಲ್ಲಿ ಒಬ್ಬರು ಸ್ತ್ರೀಶಕ್ತಿ ಸಂಘದವರಾದರೆ ಲೆಕ್ಕ ಸರಿಯಾಗಿ ಬರುತ್ತದೆ. ಬಿಡಿಭಾಗಗಳು ಮೇ ಕೊನೆಯೊಳಗೆ ಊರಿನಲ್ಲೇ ಇರಬೇಕು: ಟರ್ಬೈನಿನ ಎರಡು ಬೇರಿಂಗ್, ಒಂದು ಬೆಲ್ಟ್, ಫ್ಯೂಸ್, ಎರಡು ಪೈಪ್ ಜಾಯಿಂಟ್, ಬಯೋಗ್ಯಾಸ್ ನಲ್ಲಿ, ಕಂಟ್ರೋಲರ್‌ನ ಒಂದು ಹೆಚ್ಚುವರಿ ಬೋರ್ಡ್. ಜುಲೈನಲ್ಲಿ ರಸ್ತೆ ಕುಸಿದ ಮೇಲೆ ಮೈಸೂರಿನಿಂದ ತರಿಸುತ್ತೇವೆ ಅನ್ನುವುದು ನಡೆಯದ ಮಾತು.